ಹಾಗಲವಾಡಿಯ ಕಣದಲ್ಲಿ ಹಾಕಿ

ಕೇಳ್ತಾ ಇದ್ದೀಯಾ ಅಪ್ಪ,

"ನೆಲ ನಂಬೋ ಹಾಗಿದ್ರೆ ತಲೆ ಎತ್ತಿ ಆಡ್ಬೋದು." ನೀನು ಹೇಳುತ್ತಿದ್ದದ್ದು ಹೀಗೇ ಅಲ್ಲವೇ? ಇಲ್ಲ, 'ಕಣ್ಣೆತ್ತಿ' ಅನ್ನುತ್ತಿದ್ದೆಯಾ? ಎಷ್ಟೋ ಕವಿತೆಗಳು ಬಾಯಿಪಾಠವಿರುವ ನನಗೆ ನಿನ್ನ ಒಂದು ಸಾಲು ಪೂರ್ತಿ ನೆನಪಿಲ್ಲ. ಅದು ಬರೀ ನೆಲದ ಮಾತೇ ಆಗಿತ್ತೇ, ಅಥವಾ...

ನೀನು ಹಾಗಲವಾಡಿಗೆ ಮರಳಿದ ದಿನದ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಕಾರ್ಖಾನೆ ತಂಡದಲ್ಲಿ ಫಾರ್ವರ್ಡ್ ಆಟಗಾರ ನೀನು, ಹಾಕಿ ಆಡುವುದಕ್ಕೇ ಸಂಬಳ. ಮಂಡಿ ಮುರಿದ ಮೇಲೆ ಆಟವೂ ಹೋಯಿತು, ಕೆಲಸವೂ ಹೋಯಿತು. ಹಳೆಯ ಸ್ಟಿಕ್ಕುಗಳ ಕಟ್ಟು ಹೊತ್ತು ನೀನು ಬಸ್ಸಿಳಿದಾಗ ಎದುರುಮನೆಯ ಪುಟ್ಟತಾಯತ್ತೆ ಜಗಲಿಯಿಂದಲೇ ಕೂಗಿದಳಂತೆ: "ಏನ್ಲಾ ಶಿವಣ್ಣ, ಬೆಂಗ್ಳೂರಿಂದ ಸೌದೆ ತಂದ್ಯಾ?"

ಆಮೇಲೆ ನೀನು ಗುಬ್ಬಿಯ ಹೆಣ್ಣುಮಕ್ಕಳ ಶಾಲೆಗೆ ಡ್ರಿಲ್ ಮೇಷ್ಟ್ರಾದೆ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನೂ ಅಲ್ಲೇ ಓದುತ್ತಿದ್ದೆ. ಹುಡುಗಿಯರಿಗೆ ಹಾಕಿ ಯಾಕೆ ಎನ್ನುತ್ತಿದ್ದ ಹೆಡ್‌ಮಾಸ್ಟರು ಕೊನೆಗೆ ಒಂದೇ ಪಂದ್ಯಕ್ಕೆ ಒಪ್ಪಿದರು. ಕುಣಿಗಲ್ ತಂಡದ ಎದುರು ಸೋತರೆ ಸ್ಟಿಕ್ಕುಗಳು ಅಟ್ಟಕ್ಕೆ, ನಾವು ಕ್ಲಾಸಿಗೆ.

ಶಾಲೆಯ ಮೈದಾನ ಬರೀ ಕಲ್ಲು. ರಾಗಿ ಬಡಿದು ಮುಗಿದ ಮೇಲೆ, ಸಗಣಿ ಸಾರಿಸಿ ಗಟ್ಟಿಯಾಗಿದ್ದ ನಮ್ಮ ಕಣಕ್ಕೇ ನೀನು ಹುಡುಗಿಯರನ್ನು ಬಸ್ಸಿನಲ್ಲಿ ಕರೆತಂದೆ. ಅಜ್ಜಿ ಅಂಚಿನಲ್ಲಿ ಕೂತು ಕಾವಲು. "ಚಪ್ಲಿ ಆಚೆ ಬಿಡ್ರೇ, ರಾಗಿ ಬೀಳೋ ಜಾಗ ಅದು! ಚೆಂಡು ಎಗರಿ ಕಣ ಕಿತ್ತೋದ್ರೆ ನಿಮ್ ಮೇಷ್ಟ್ರ ಕೈಲೇ ಸಗಣಿ ಬಳಿಸ್ತೀನಿ." ನೀನು ನಕ್ಕು ಅದನ್ನೇ ನಮಗೆ ಪಾಠ ಮಾಡಿದೆ: ಚೆಂಡು ಏಳಬಾರದು, ದೂರ ಹೋಗಬಾರದು, ಪಕ್ಕದವಳ ಸ್ಟಿಕ್ಕಿಗೇ ಉರುಳಬೇಕು. ಪುಟ್ಟತಾಯತ್ತೆಯ ಮಗಳು ಜಯ ಬೇಲಿಯಾಚೆ ನಿಂತು ನೋಡುತ್ತಿದ್ದಳು, ಅವಳಮ್ಮ ಕೂಗುವವರೆಗೆ.

ಕುಣಿಗಲ್ಲಿನ ಆ ಮೈದಾನ ಎಷ್ಟು ಚಂದವಿತ್ತು! ರೋಲರ್ ಎಳೆದು, ಸುಣ್ಣದ ಗೆರೆ ಹಾಕಿದ್ದರು. ನಾವೆಲ್ಲ ಗೆರೆಯಾಚೆ ಕ್ಯಾನ್ವಾಸ್ ಶೂ ಕಳಚಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದೆವು. ಜನ ಬಿದ್ದು ಬಿದ್ದು ನಕ್ಕರು. "ಏನ್ರಮ್ಮಾ, ಮಂಗಳಾರತಿ ಆಯ್ತಾ?" ಅಂಪೈರು ನಿನ್ನ ಮುಖ ನೋಡಿದರು. "ಆಡ್ಲಿ ಬಿಡಿ ಸಾರ್, ಅವರಿಗೆ ಇದು..." ಅಂದವನು ಅಲ್ಲಿಗೇ ನಿಲ್ಲಿಸಿದೆ.

ಅವರು ದೂರ ಹೊಡೆದು ಓಡುವವರು. ಮೊದಲ ಗೋಲು ಅವರದೇ. ಆಮೇಲೆ ಚೆಂಡು ನಮ್ಮ ಕೈ ಸೇರಿತು ನೋಡು, ಅವರಿಗೆ ಸಿಗಲೇ ಇಲ್ಲ! ನನ್ನಿಂದ ಪಕ್ಕದಲ್ಲಿ ಆಡುತ್ತಿದ್ದ ಗಂಗಾಗೆ, ಗಂಗಾಳಿಂದ ನನಗೆ, ಮಾರುದ್ದವೂ ದೂರ ಬಿಡದೆ ಉರುಳಿಸಿಕೊಂಡೇ ಹೋದೆವು. ಸಮ ಮಾಡಿದವಳು ಗಂಗಾ, ಗೆಲ್ಲಿಸಿದವಳು ನಿನ್ನ ಮಗಳು. ಮುರಿದ ಮಂಡಿಯಲ್ಲೇ ನೀನು ಓಡಿ ಬಂದೆ. ನಿನ್ನ ಕಾಲಲ್ಲೂ ಶೂ ಇರಲಿಲ್ಲ. ಯಾವಾಗ ಕಳಚಿದ್ದೆ ಅಪ್ಪ?

ಮುಂದಿನ ಪಂದ್ಯಕ್ಕೆ ತುಮಕೂರಿಗೆ ಹೆಡ್‌ಮಾಸ್ಟರೇ ನಮ್ಮನ್ನು ಬಸ್ ಹತ್ತಿಸಿದ್ದು ನಿನಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಕುಣಿಗಲ್ಲಿನಿಂದ ಬಂದ ಸಂಜೆ ನೀನು ಬಚ್ಚಲಲ್ಲಿ ಮಂಡಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದಾಗ ಪುಟ್ಟತಾಯತ್ತೆ ಬಂದಿದ್ದಳು. ಅವತ್ತು ಆಡಿದ ಮಾತನ್ನು ನಿನಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಹೋದ ವಾರ ನಾನು ಅವಳನ್ನು ನೋಡಲು ಹೋದಾಗ, "ಇನ್ನೇನು, ಹೇಳ್ಬುಡು" ಅಂದಳು.

ಬಾಗಿಲ ಚೌಕಟ್ಟು ಹಿಡಿದು, ಒಳಗೆ ಬಾರದೆ ಅವಳು ಹೇಳಿದ್ದು ಇಷ್ಟು: "ಸೋತು ಬಂದವ್ನೆ ಅಂತ ಊರೆಲ್ಲ ಹೇಳ್ಕಂಡು ತಿರುಗ್ದೋಳು ನಾನೇ ಕಣೇ. ಸೋತವ್ನು ಹಿಂಗೆ ಗೆಲ್ಸ್ತಾನಾ? ನಾಳೆಯಿಂದ ನಮ್ ಕಣದಲ್ಲಿ ಆಡ್ಕಳ್ಳಿ, ನಿಮ್ದಕ್ಕಿಂತ ದೊಡ್ಡದು. ಜಯನೂ ಬತ್ತಾಳೆ."