ಮಂಚಯ್ಯ ಮಾವನ ಟ್ರೆಂಚು, ನಮ್ಮ ಪೈಪು

ಶಾಂತಿಗ್ರಾಮ
9-2-2025

ಪ್ರೀತಿಯ ಅವ್ವನಿಗೆ ರಂಜಿನಿ ಮಾಡುವ ನಮಸ್ಕಾರ.

ಅಕ್ಕ, ಕೂಸು ಚೆನ್ನಾಗಿದ್ದಾರೆಂದು ತಿಳಿದು ಸಂತೋಷ. ಫೋನಿನಲ್ಲಿ ಹೇಳಿದರೆ ಅಕ್ಕ ಸ್ಪೀಕರ್ ಹಾಕಿ ಹೊಳೆನರಸೀಪುರಕ್ಕೆಲ್ಲ ಕೇಳಿಸುತ್ತಾಳೆ, ಅದಕ್ಕೇ ಈ ಕಾಗದ.

ನೀನು ಅಕ್ಕನ ಬಾಣಂತನಕ್ಕೆ ಹೋದ ವಾರವೇ ಅಪ್ಪನಿಗೂ ಪಕ್ಕದ ಹೊಲದ ಮಂಚಯ್ಯ ಮಾವನಿಗೂ ಮಾತು ನಿಂತಿತು. ಕಾರಣ ನಾನೇ. ನಮ್ಮ ಹೊಲದ ಮೂಲೆ ಹಾಯ್ದು ತಮ್ಮ ಪೈಪಿಗೆ ಟ್ರೆಂಚ್ ತೋಡಿಕೊಳ್ಳಲು ಮಾವನಿಗೆ ಅಪ್ಪನೇ ಒಪ್ಪಿದ್ದರು. ಆದರೆ ಮಣ್ಣಿನಡಿಯ ನಮ್ಮ ಪೈಪು ಎಲ್ಲಿ ಮುಗಿಯುತ್ತದೋ ಯಾರಿಗೂ ನೆನಪಿಲ್ಲ, ಅಪ್ಪನ ಹಳೆ ಡೈರಿಯಲ್ಲಿ ಅಳತೆ ಮಾತ್ರ ಇತ್ತು. ಟ್ರೆಂಚು ಅದನ್ನು ಕತ್ತರಿಸುತ್ತದೆಯೇ ನೋಡು ಎಂದು ಅಪ್ಪ ನನಗೆ ಹೇಳಿದರು.

ಬೋರ್‌ವೆಲ್ಲನ್ನು ಸೊನ್ನೆ ಮಾಡಿಕೊಂಡೆ. ಅಲ್ಲಿಂದ ನೇರವಾಗಿ ಹೊರಟ ಪೈಪಿನ ಕೊನೆ ಪೂರ್ವಕ್ಕೆ ಅರವತ್ತಡಿ, ಉತ್ತರಕ್ಕೆ ಅರವತ್ತಡಿ. ಮಾವನ ಟ್ರೆಂಚಿನ ಒಂದು ಗೂಟ ಪೂರ್ವಕ್ಕೆ ನೂರು, ಉತ್ತರಕ್ಕೆ ನಲವತ್ತು. ಇನ್ನೊಂದು ಪೂರ್ವಕ್ಕೆ ನಲವತ್ತು, ಉತ್ತರಕ್ಕೆ ನೂರು. ಪೈಪಿನ ಗೆರೆಗೆ ಒಂದು ಗೂಟ ಈಚೆ, ಒಂದು ಆಚೆ. ಕತ್ತರಿಸುತ್ತದೆ ಎಂದುಬಿಟ್ಟೆ.

ಅಪ್ಪ, ಮಾವ ಟ್ರೆಂಚ್ ತೋಡಲು ತರಿಸಿದ್ದ ಮೆಷಿನ್ ಮುಂದೆ ಟವೆಲ್ ಹಾಸಿ ಕೂತುಬಿಟ್ಟರು. ನನ್ ಮಗ್ಳು ಲೆಕ್ಕದ ಟೀಚ್ರು ಕಣ್ಲಾ, ಪೈಪ್ ಮ್ಯಾಲೆ ಓಗ್ಬೇಕಾದ್ರೆ ನನ್ ಮ್ಯಾಲೇ ಓಗು ಎಂದರಂತೆ. ಮೂವತ್ ವರ್ಸದ ಸ್ನೇಹ ಒಂದ್ ಪೈಪ್‌ಗಿಂತ ಕಡೆ ಆಯ್ತಾ ಚಿಕ್ಕಯ್ಯ ಎಂದು ಅಪ್ಪನನ್ನು ಹೆಸರು ಹಿಡಿದು ಕೇಳಿ ಮಾವ ಹೊರಟುಹೋದರು. ಆ ಮನೆಯ ಬಾಗಿಲು ನಮಗೆ ಮುಚ್ಚಿಹೋದರೆ ಎಂಬ ಭಯ ಎರಡು ದಿನ ನನ್ನನ್ನು ಬಿಡಲಿಲ್ಲ.

ಆಮೇಲೆ ಗೊತ್ತಾಯಿತು, ನಾನು ಮಾಡಿದ್ದು ಅರ್ಧ ಲೆಕ್ಕ. ಟ್ರೆಂಚಿನ ಗೆರೆಗೂ ನಮ್ಮ ಪೈಪಿನ ಎರಡು ತುದಿ ಆಚೀಚೆ ಇದ್ದರೆ ಮಾತ್ರ ಒಂದನ್ನೊಂದು ಕತ್ತರಿಸುವುದು. ಟ್ರೆಂಚಿನ ಮೇಲೆ ಎಲ್ಲಿ ನಿಂತರೂ ಪೂರ್ವ, ಉತ್ತರ ಕೂಡಿಸಿದರೆ ನೂರ ನಲವತ್ತು. ಬೋರ್‌ವೆಲ್ಲಿಗೆ ಸೊನ್ನೆ, ಪೈಪಿನ ಕೊನೆಗೆ ನೂರ ಇಪ್ಪತ್ತು. ಎರಡೂ ಕಡಿಮೆ, ಎರಡೂ ಒಂದೇ ಕಡೆ. ನಮ್ಮ ಪೈಪು ಹದಿನಾಲ್ಕು ಅಡಿ ಮೊದಲೇ ಮುಗಿದುಹೋಗಿದೆ. ಇದೇ ತಪ್ಪಿಗೆ ನಾನು ಮಕ್ಕಳಿಗೆ ಎರಡು ಮಾರ್ಕು ಕಳೆಯುತ್ತೇನೆ, ಅವ್ವ.

ಎಲ್ಲರೆದುರು ತಪ್ಪೊಪ್ಪಿಕೊಂಡೆ. ಅಪ್ಪ ನಂಬದೆ ಗುದ್ದಲಿ ತಂದು ಅಗೆದರು. ಡೈರಿಯಲ್ಲಿ ಬರೆದ ಜಾಗದಲ್ಲೇ ಪೈಪಿನ ತುದಿಯ ಮುಚ್ಚಳ ಸಿಕ್ಕಿತು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋನು ಬುಡವ್ವ ನಿಮ್ಮಪ್ಪ ಎಂದು ಮಾವ ನಕ್ಕರು. ಈಗ ಇಬ್ಬರೂ ಜಗಲಿಯಲ್ಲಿ ಕಾಫಿ ಕುಡಿಯುತ್ತ ನನ್ನನ್ನು ಬೈಯುತ್ತಿದ್ದಾರೆ.

ನಿನ್ನ ಅವಸರದ ಮಗಳು,
ರಂಜಿನಿ

ಇನ್ನೊಂದು ಮಾತು: ತಪ್ಪು ಕಂಡುಹಿಡಿದವಳು ನಾನಲ್ಲ, ಮಾವನ ಮಗ ಹರ್ಷವರ್ಧನ್. ಶಾಲೆಯ ಗೇಟಿಗೆ ಬಂದು ಚೀಟಿಯಲ್ಲಿ ಬರೆದು ತೋರಿಸಿದ. ಎಲ್ಲರೆದುರು ಮಾತ್ರ, ರಂಜಿನಿಯೇ ಸರಿಮಾಡಿದಳು ಎಂದ. ಎರಡು ವರ್ಷದಿಂದ ನಿನಗೆ ಹೇಳಲು ಧೈರ್ಯವಿರಲಿಲ್ಲ. ಮದುವೆಯಾದರೆ ಅವನನ್ನೇ. ಅಪ್ಪನಿಗೆ ನೀನೇ ಹೇಳು, ಇವರಿಬ್ಬರು ಮತ್ತೊಂದು ಜಗಳ ಹುಡುಕಿಕೊಳ್ಳುವ ಮೊದಲೇ ಹೇಳು.