ಎದುರಿಗೆ ಕೂತವರ ಎಡಗಾಲು

ಅಂಗಡಿಯ ಹಿಂದಿನ ಕೋಣೆಯಿಂದ,
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೋದ ತಿಂಗಳು ಫೋನನ್ನು ದೂರ ಹಿಡಿದು ನೀನು ಕೆಮ್ಮಿದ್ದು ನನಗೆ ಕೇಳಿಸಿತು, ನನ್ನ ಕಿವಿ ಇನ್ನೂ ಚೆನ್ನಾಗಿದೆ. ಬಿಸಿನೀರು ಕುಡಿ, ಆ ಹಾಳು ಸಿಗರೇಟು ಬಿಡು. ತಿಂಗಳಿಗೊಮ್ಮೆ ಫೋನ್ ಮಾಡಿ "ಅಪ್ಪ ಹೇಗಿದ್ದಾರೆ, ನೀನು ಹೇಗಿದ್ದೀಯ, ಸರಿ, ಇಡ್ತೀನಿ" ಎನ್ನುತ್ತೀಯಲ್ಲ, ಹವಾಮಾನ ವರದಿ ಓದುವವರೂ ನಿನಗಿಂತ ಹೆಚ್ಚು ಮಾತಾಡುತ್ತಾರೆ ಕಣೋ. ಅದಕ್ಕೇ ಕಾಗದ ಹಿಡಿದಿದ್ದೇನೆ. ಕಾಗದದಲ್ಲಾದರೆ ನೀನು ನನ್ನ ಮಾತು ಮುಗಿಯುವ ತನಕ ಇರಲೇಬೇಕು. ಅಪ್ಪ ಆರೋಗ್ಯವಾಗಿದ್ದಾರೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಚರ್ಮದ ಮೇಲಿನ ಸಣ್ಣ ಗೀರೂ ಕಾಣುತ್ತದಂತೆ, ನನ್ನ ಹೊಲಿಗೆ ಸೊಟ್ಟಗಿರುವುದಂತೂ ಚೆನ್ನಾಗಿಯೇ ಕಾಣುತ್ತದಂತೆ. ಮೊಣಕಾಲು ಮಾತ್ರ ಬಗ್ಗುವುದಿಲ್ಲ. ಹಾಗಾಗಿ ಗಿರಾಕಿಗಳ ಎದುರು ಮಣೆ ಹಾಕಿ ಕೂತು ಕಾಲಿನ ಅಳತೆ ತೆಗೆಯುವುದು ಈಗ ನಾನೇ.

ವಿಷಯ ಏನೆಂದರೆ, ನಿನ್ನ ಕಂಪ್ಯೂಟರ್ ಮುದುಕಿಯಾಗಿದೆ. ಬೆಳಿಗ್ಗೆ ಗುಂಡಿ ಒತ್ತಿ, ಅಂಗಡಿ ಗುಡಿಸಿ, ನೀರು ತುಂಬಿಸಿ, ಹಲಗೆಯ ಮೇಲಿನ, ಬೂಟು ಹೊಲಿಯುವ ಮರದ ಅಚ್ಚುಗಳ ಧೂಳು ಒರೆಸಿ ಬಂದರೂ ಅದು ಇನ್ನೂ ಗೊರಗೊರ ಎನ್ನುತ್ತಲೇ ಇರುತ್ತದೆ. ಆಮೇಲೆ ನೀನು ಬರೆದಿಟ್ಟ ಪ್ರೋಗ್ರಾಂ ತೆರೆಯುತ್ತದೆ, ಅದರ ನೆತ್ತಿಯ ಮೇಲೆ ಆ ಸಾಲು ಬರುತ್ತದೆ: "ಅಕ್ಕಾ, ಮೊದಲು ಚಹಾ, ಆಮೇಲೆ ಕಾಲು." ನೀನು ಹೋಗಿ ಏಳು ವರ್ಷವಾಯಿತು, ಒಂದು ದಿನವೂ ಅದು ಹೇಳುವುದನ್ನು ಬಿಟ್ಟಿಲ್ಲ. ನಾನೂ ಒಂದು ದಿನವೂ ಚಹಾ ಕುಡಿಯದೆ ಕೆಲಸಕ್ಕೆ ಕೂತಿಲ್ಲ.

ಈಗ ಅಟ್ಟೆ ಕತ್ತರಿಸಿಕೊಡುವ ಕಾರ್ಖಾನೆಯವರು ಏಪ್ರಿಲ್‌ನಿಂದ ಹಳೆಯ ಕಂಪ್ಯೂಟರಿನಿಂದ ಬಂದ ಆರ್ಡರ್ ತೆಗೆದುಕೊಳ್ಳುವುದಿಲ್ಲ ಎಂದಿದ್ದಾರೆ. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬಳು ರಿಪೇರಿ ಅಂಗಡಿ ಇಟ್ಟಿದ್ದಾಳೆ, ನೀನು ಹೋದ ಮೇಲೆ ಬಂದವಳು. ಯಾವಾಗಲೂ ಬಾಯಲ್ಲಿ ಒಂದು ಸ್ಕ್ರೂ ಕಚ್ಚಿಕೊಂಡೇ ಇರುವುದರಿಂದ ಎಲ್ಲರೂ ಅವಳನ್ನು ಸ್ಕ್ರೂ ಮೇಡಂ ಎನ್ನುತ್ತಾರೆ. ಅವಳು ಬಂದು ಡಬ್ಬಿ ಬಿಚ್ಚಿ ನೋಡಿ, "ಹೊಸ ಆಪರೇಟಿಂಗ್ ಸಿಸ್ಟಮ್ ಹಾಕ್ಬೋದು ಅಕ್ಕಾ, ತಡ್ಕೊಳುತ್ತೆ. ಆದ್ರೆ ನಿಮ್ಮ ತಮ್ಮ ಬರೆದಿರೋದು ಅದರಲ್ಲಿ ಓಡಲ್ಲ" ಎಂದಳು. ಎರಡನ್ನೂ ಇಟ್ಟುಕೊಳ್ಳೋಣ ಎಂದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಬುದ್ಧಿ ನನ್ನದು, ನಿನಗೆ ಗೊತ್ತಲ್ಲ. ಹಳೇ ಡಿಸ್ಕಿನಲ್ಲಿ ಅಷ್ಟು ಜೀವ ಇಲ್ಲವಂತೆ. ಒಳಗಿರುವ ಮುನ್ನೂರ ಎಂಬತ್ತೇಳು ಜನರ ಅಳತೆಯನ್ನು ಒಂದೊಂದಾಗಿ ತೆರೆದು, ನಾನೇ ಪುಸ್ತಕಕ್ಕೆ ಬರೆದುಕೊಳ್ಳಬೇಕು. ಪುಟದಲ್ಲಿರುವುದನ್ನೆಲ್ಲ ಪೂರ್ತಿ ತೋರಿಸುವ ಗುಂಡಿ ಯಾವುದೆಂದು ಹೇಳಿಕೊಟ್ಟು ಹೋದಳು. ಹಾಗೊಂದು ಗುಂಡಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಅಪ್ಪನನ್ನು ಕೇಳಿದೆ. "ಪೆಟ್ಟಿಗೆ ಬದಲಾಯಿಸಿದ್ರೆ ಕಾಲು ಬದಲಾಗುತ್ತಾ? ಹಾಕ್ಸು" ಎಂದರು. ಮರುದಿನ ಅಚ್ಚು ಉಜ್ಜುತ್ತಾ ಕೂತವರು, ನನ್ನ ಕಡೆ ನೋಡದೆ, "ಅದು ಬೆಳಿಗ್ಗೆ ನಿನಗೇನೋ ಹೇಳುತ್ತಲ್ಲ, ಅದೂ ಹೋಗುತ್ತಾ?" ಎಂದು ಕೇಳಿದರು. ಆ ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡದವರು! ಹೋಗುತ್ತೆ ಎಂದೆ. ಅವರು ಉಜ್ಜಿದ ಅಚ್ಚನ್ನೇ ಮತ್ತೆ ಉಜ್ಜಿದರು. ಅವತ್ತೇ ಸ್ಕ್ರೂ ಮೇಡಂಗೆ ಬೇಡ ಎಂದು ಹೇಳಿ ಕಳಿಸಿದೆ. ಎರಡು ದಿನ ಬಿಟ್ಟು ಕಾರ್ಖಾನೆಯಿಂದ ಇನ್ನೊಂದು ನೋಟಿಸ್ ಬಂತು, ಮತ್ತೆ ಬಾ ಎಂದೆ. ಹುಚ್ಚಿ ಎಂದುಕೊಂಡಿರುತ್ತಾಳೆ.

ಮೂರು ವಾರದಿಂದ ಬರೆಯುತ್ತಿದ್ದೇನೆ. ಎಷ್ಟು ಕಾಲುಗಳು ಕಣೋ! ಬಲಗಾಲು ಒಂದು ಬೆರಳಷ್ಟು ಉದ್ದ ಇದ್ದ ಬಸ್ ಡ್ರೈವರ್, ಹೆಬ್ಬೆರಳು ಮಡಚಿಕೊಂಡಿದ್ದ ಅಂಚೆಯ ಹೆಂಗಸು, ಪ್ರತಿ ಆರು ತಿಂಗಳಿಗೂ ಅಳತೆ ಬದಲಾಗುತ್ತಿದ್ದ ಆ ಪೋಲಿಯೋ ಹುಡುಗಿ. ಅವಳು ಈಗ ವಕೀಲೆ, ಹೋದ ವರ್ಷ ಬಂದು ಕಪ್ಪು ಬೂಟು ಹೊಲಿಸಿಕೊಂಡು ಹೋದಳು. ಬರೆಯುತ್ತಾ ಹೋದ ಹಾಗೆ, ಟೀಚರಮ್ಮನ ಪುಟ ಬರುತ್ತದಲ್ಲ ಎಂದು ಪ್ರತಿ ಪುಟವನ್ನೂ ಹೆದರುತ್ತಲೇ ತೆರೆಯುತ್ತಿದ್ದೆ.

ಆ ಮಾತು ನಾವು ಏಳು ವರ್ಷದಿಂದ ಎತ್ತಿಲ್ಲ. ಈಗ ಎತ್ತುತ್ತೇನೆ, ಬೈದುಕೊಂಡರೂ ಓದು. ಅಪ್ಪ ಗಿರಾಕಿಯ ಎದುರು ಕೂತು ಚೀಟಿ ಬರೆಯುವಾಗ ತಮ್ಮ ಕೈಯ ಕಡೆಯಿಂದ ಬರೆಯುತ್ತಿದ್ದರು. ತಮ್ಮ ಬಲಗೈ ಕಡೆಗಿದ್ದ ಕಾಲು ಚೀಟಿಯಲ್ಲಿ ಬಲಕ್ಕೆ. ಗಿರಾಕಿಗೆ ಅದು ಎಡಗಾಲು. ಅಚ್ಚು ಕೆತ್ತುವಾಗ ಅವರ ತಲೆ ತಾನಾಗಿಯೇ ಅದನ್ನು ತಿರುಗಿಸಿಕೊಳ್ಳುತ್ತಿತ್ತು. ಕಂಪ್ಯೂಟರಿಗೆ ಹಾಗೆ ತಿರುಗಿಸಲು ಬರುವುದಿಲ್ಲ, ಟೈಪ್ ಮಾಡುವಾಗ ನಾವೇ ತಿರುಗಿಸಬೇಕು ಎಂದು ನೀನು ಪರದೆಯ ಮೇಲೆ ಕೆಂಪು ಚೀಟಿ ಅಂಟಿಸಿದ್ದೆ. ಟೀಚರಮ್ಮನ ಅಳತೆಯನ್ನು ಯಾರೋ ತಿರುಗಿಸದೆ ಹಾಕಿದರು. ಗಿಡ್ಡವಿದ್ದ ಎಡಗಾಲಿಗೆ ಬೇಕಿದ್ದ ಎತ್ತರ ಬಲಗಾಲಿನ ಅಟ್ಟೆಗೆ ಹೋಯಿತು. ನಡೆಯಲು ಕಷ್ಟ ಎಂದು ಅವರು ಬಂದರೆ, ನಾವು ಎಲ್ಲರಿಗೂ ಹೇಳುವ ಹಾಗೆ, "ಮೊದಮೊದಲು ಹಾಗೇ, ಒಂದು ವಾರಕ್ಕೆ ಹೊಂದಿಕೊಳ್ಳುತ್ತೆ" ಎಂದು ಕಳಿಸಿದೆವು. ಎಂಟನೆಯ ದಿನ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡರು.

ಆ ಮಧ್ಯಾಹ್ನವೇ ಅಪ್ಪ, ಅಳತೆ ಹಾಕಿದ್ದು ಯಾರು ಎಂದು ಕೇಳಿದಾಗ "ನಾನಂತೂ ಅಲ್ಲ" ಎಂದೆ. ಟೈಪ್ ಮಾಡುತ್ತಿದ್ದದ್ದು ನಾವಿಬ್ಬರೇ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ನಿನ್ನ ಮುಖ ನೋಡಿ, "ಕಾಲು ಮುಟ್ಟದೋನಿಗೆ ಕಾಲಿನ ಬೆಲೆ ಏನು ಗೊತ್ತು?" ಎಂದರು. ನೀನು ತುಟಿ ಪಿಟಿಕ್ ಎನ್ನಲಿಲ್ಲ. ಸುಮ್ಮನಿದ್ದದ್ದೇ ಒಪ್ಪಿಕೊಂಡ ಹಾಗೆ ಎಂದು ನಾವು ತಿಳಿದೆವು. ಆ ವಾರವೇ ನೀನು ಹೊರಟೆ. ನಿನ್ನ ಚೀಲಕ್ಕೆ ಬಟ್ಟೆ ಮಡಿಸಿಟ್ಟವಳು ನಾನೇ.

ಶನಿವಾರ ಸ್ಕ್ರೂ ಮೇಡಂ ಬರುತ್ತಾಳೆ. ಹಳೆಯದನ್ನೆಲ್ಲ ಅಳಿಸಲೇ ಎಂದು ಕಂಪ್ಯೂಟರ್ ಕೇಳುತ್ತದಂತೆ, ಒಮ್ಮೆ "ಹೌದು" ಒತ್ತಿದರೆ ಆಮೇಲೆ ಹಿಂದಕ್ಕೆ ಬರಲಾಗುವುದಿಲ್ಲವಂತೆ. ಬರೆದವನನ್ನು ಕೇಳದೆ ಅಳಿಸುವುದು ಸರಿಯಲ್ಲ ಎನ್ನಿಸಿತು, ಅದಕ್ಕೆ ಈ ಕಾಗದ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಆಶೀರ್ವಾದ ನಿನಗೆ ಯಾವಾಗಲೂ ಇದೆ, ಅವರ ಬಾಯಲ್ಲಿ ಬರುವುದಿಲ್ಲ ಅಷ್ಟೇ. ಎಲ್ಲಿದ್ದರೂ ನಿನ್ನ ಕಾಲಿಗೆ ಮುಳ್ಳು ತಾಗದಿರಲಿ.

ನಿನ್ನ
ಅಕ್ಕ

ಮರೆತ ಮಾತು: ಮರೆತೆ ಎನ್ನುವುದು ಸುಳ್ಳು. ಇದನ್ನು ಹೇಳಲು ಧೈರ್ಯ ಬರಲೆಂದೇ ಮೇಲಿನದನ್ನೆಲ್ಲ ಬರೆದೆ. ಟೀಚರಮ್ಮನ ಪುಟ ನಿನ್ನೆ ಬಂತು. ಆ ಗುಂಡಿ ಒತ್ತಿದೆ. ಕೆಳಗೆ "ತುಂಬಿದವರು: ಅಕ್ಕ" ಎಂದಿದೆ. ಅದರ ಕೆಳಗೆ, "ಕೊನೆಗೆ ನೋಡಿದವರು: ತಮ್ಮ", ಟೀಚರಮ್ಮ ಬಿದ್ದ ದಿನದ ತಾರೀಕು, ಸಂಜೆ ಆರು ಗಂಟೆ ಹತ್ತು ನಿಮಿಷ. ಊಟಕ್ಕೆ ಕೂರುವ ಮೊದಲೇ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬೈಗುಳ ತಿಂದು ಎದ್ದುಹೋದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನಿನ್ನನ್ನೇ ಡೊಂಕು ಅಂದೆ. ತಪ್ಪು ನನ್ನದು ಕಣೋ, ನನ್ನೊಬ್ಬಳದೇ. ನಾಳೆ ಟೀಚರಮ್ಮನ ಮನೆಗೆ ಹೋಗಿ ಅವರಿಗೂ ಇದನ್ನೇ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಕೈಯಲ್ಲಿದ್ದ ಉಳಿ ಕೆಳಗಿಟ್ಟರು. ಆಮೇಲೆ ಕೇಳಿದ್ದು ಒಂದೇ: "ಅವನ ಅಳತೆ ಇದ್ಯಾ ಅದರಲ್ಲಿ?" ಇದೆ. ಪ್ರೋಗ್ರಾಂ ಓಡುತ್ತದೋ ಇಲ್ಲವೋ ಎಂದು ನೀನು ಮೊದಲು ಹಾಕಿ ನೋಡಿದ್ದು ನಿನ್ನ ಕಾಲನ್ನೇ, ಒಂದನೆಯ ನಂಬರ್ ನಿನ್ನದೇ. ಈಗ ಪಕ್ಕದಲ್ಲಿ ಕೂತು ಅಪ್ಪ ಆ ಅಳತೆಗೆ ಚರ್ಮ ಕತ್ತರಿಸುತ್ತಿದ್ದಾರೆ. "ಏಳು ವರ್ಷದ ಅಳತೆ, ಹಾಕಿ ನೋಡದೆ ಹೊಲಿಗೆ ಮುಗಿಸಕ್ಕಾಗಲ್ಲ ಅಂತ ಕಾಗದದಲ್ಲಿ ಬರಿ ಅವನಿಗೆ" ಎನ್ನುತ್ತಿದ್ದಾರೆ. ಶನಿವಾರ ಬರಬೇಡ ಎಂದು ಸ್ಕ್ರೂ ಮೇಡಂಗೆ ಮತ್ತೆ ಹೇಳಿ ಕಳಿಸುತ್ತೇನೆ. ತಿಂಗಳ ಕೊನೆಯವರೆಗೆ ಸಮಯವಿದೆ. "ಹೌದು" ನೀನೇ ಬಂದು ಒತ್ತು.