ಏಟು ಬಿದ್ದ ಮನೆಗೆ ಬೀಗ ಹಾಕಹೊರಟವರಿಗೆ

ಸಮಾಜ ಕಲ್ಯಾಣ ಕಚೇರಿಯ ಮುಖ್ಯಾಧಿಕಾರಿಗಳ ಗಮನಕ್ಕೆ

ಮಾನ್ಯರೇ,

ಹೆಂಗಸರ ಆಸರೆ ಮನೆಯ ಬಾಗಿಲಿಗೆ ನಿಮ್ಮ ಸಿಬ್ಬಂದಿ ಒಂದು ಆದೇಶ ಅಂಟಿಸಿ ಹೋಗಿದ್ದಾರೆ. "ಸದರಿ ಕಟ್ಟಡದಲ್ಲಿ ಹಿಂಸಾತ್ಮಕ ಘಟನೆ ಜರುಗಿರುವುದರಿಂದ, ನಿವಾಸಿಗಳ ಸುರಕ್ಷತೆಯ ಹಿತದೃಷ್ಟಿಯಿಂದ, ಸಂಘವು ತನ್ನ ಎಲ್ಲ ಚಟುವಟಿಕೆಗಳನ್ನು ನಿಲ್ಲಿಸಿ ಕಟ್ಟಡವನ್ನು ತೆರವುಗೊಳಿಸತಕ್ಕದ್ದು." ಭಾಷೆ ಸೊಗಸಾಗಿದೆ. ದುಡಿಮೆಯ ವರ್ಷಗಳನ್ನೆಲ್ಲ ನ್ಯಾಯಾಲಯದಲ್ಲಿ ಟೈಪಿಸ್ಟ್ ಆಗಿ ಸವೆಸಿದವಳು ನಾನು. "ಜರುಗಿರುವುದರಿಂದ" ಎಂಬ ಪದದ ಮಹಿಮೆ ನನಗೆ ಚೆನ್ನಾಗಿ ಗೊತ್ತು. ಯಾರು ಮಾಡಿದರು, ಯಾರಿಂದಾಗಿ ಆಯಿತು ಎಂದು ಹೇಳುವ ಮನಸ್ಸಿಲ್ಲದಾಗ ಎಲ್ಲವೂ ತಾನಾಗಿಯೇ ಜರುಗಿಬಿಡುತ್ತದೆ. ನೀವು ಬಿಟ್ಟದ್ದನ್ನು ನಾನು ತುಂಬಿಸುತ್ತೇನೆ. ಮಾಡಿದವನು ನನ್ನ ಮಗ. ಅವನಿಗೆ ಈ ಮನೆಯ ದಾರಿ ತೋರಿಸಿದವರು ನೀವು.

ಏಟು ಬಿದ್ದ ಕಟ್ಟಡಗಳನ್ನೆಲ್ಲ ಮುಚ್ಚುವುದೇ ನಿಮ್ಮ ನೀತಿಯಾದರೆ, ದಯವಿಟ್ಟು ನಮ್ಮ ಮನೆಯಿಂದ ಶುರು ಮಾಡಬೇಕಿತ್ತು. ಅಲ್ಲಿ ವರ್ಷಗಟ್ಟಲೆ ಏಟು ಬಿತ್ತು. ಯಾವ ಆದೇಶವೂ ನಮ್ಮ ಬಾಗಿಲಿಗೆ ಅಂಟಲಿಲ್ಲ. ನಮ್ಮ ಬೀದಿಯ ಇನ್ನೂ ಹಲವು ಮನೆಗಳಿಗೆ ಬೀಗ ಬೀಳಬೇಕಾಗುತ್ತಿತ್ತು. ಆಮೇಲೆ ಊರಿನ ಸಂಸಾರಗಳೆಲ್ಲ ರಸ್ತೆಯಲ್ಲೇ ನಡೆಯಬೇಕಾಗುತ್ತಿತ್ತೇನೋ. ಆದರೆ ನೀವು ಬೀಗ ಹುಡುಕಿದ್ದು, ಏಟು ತಪ್ಪಿಸಿಕೊಳ್ಳಲು ಇದ್ದ ಒಂದೇ ಒಂದು ಮನೆಗೆ.

ನನ್ನ ಮಗ ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಹೊರಗೆ ಎಲ್ಲರಿಗೂ ಬೇಕಾದವನು. ಗಿರಾಕಿಗಳ ಮಕ್ಕಳಿಗೆ ಸೈಕಲ್ ಚಕ್ರಕ್ಕೆ ಗಾಳಿ ತುಂಬಿಕೊಟ್ಟು ಕೆನ್ನೆ ಚಿವುಟುವವನು. ಮನೆಗೆ ಬಂದರೆ ಚಪ್ಪಲಿ ಬಿಡುವ ಸದ್ದಿನಲ್ಲೇ ಅವನ ಮನಸ್ಸು ಹೇಗಿದೆ ಎಂದು ನಾವು ತಿಳಿದುಕೊಳ್ಳಬೇಕಿತ್ತು. ಸೊಸೆ ಮಾತಾಡಿದರೆ ಬಾಯಿ ಜೋರು ಎಂದು ಹೊಡೆತ, ಸುಮ್ಮನಿದ್ದರೆ ಸೊಕ್ಕು ಎಂದು ಹೊಡೆತ. ಅಡ್ಡ ಹೋದರೆ ನನ್ನನ್ನು ರಟ್ಟೆ ಹಿಡಿದು ಗೋಡೆಗೆ ತಳ್ಳುತ್ತಿದ್ದ. ಒಂದು ಸಂಜೆ ಅವನ ಅಂಗಿಯ ಕಾಲರಿನಲ್ಲಿ ಸುಕ್ಕು ಉಳಿದಿತ್ತು. ಅವಳ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕಿತ್ತುಕೊಂಡು, "ಹೀಗೆ ಒತ್ತಬೇಕು, ಹೀಗೆ" ಎನ್ನುತ್ತಾ ಅವಳ ಮೊಳಕೈ ಮೇಲೆ ಒತ್ತಿಹಿಡಿದ. ಚರ್ಮ ಸುಟ್ಟ ವಾಸನೆ ಕೋಣೆ ತುಂಬಿತು. ಮೂಲೆಯಲ್ಲಿ ಬಣ್ಣ ಹಚ್ಚುತ್ತಿದ್ದ ಮೊಮ್ಮಗಳು ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಅದಾದ ಮೇಲೆ ಆ ಮಗು ಮಾತನ್ನೇ ಬಿಟ್ಟಿತು.

ಅವನು ಹೊರಗೆ ಹೋದ ಕೂಡಲೇ ಇಬ್ಬರನ್ನೂ ಕರೆದುಕೊಂಡು ಪೊಲೀಸ್ ಠಾಣೆಗೆ ಹೋದೆ. "ನಿಮ್ಮ ಮಗನೇ ತಾನೇನಮ್ಮ? ಮನೇಲೇ ಕೂತು ಬಗೆಹರಿಸ್ಕೊಳ್ಳಿ" ಎಂದರು. ಆಸರೆ ಮನೆ ನಡೆಸುವ ಸಂಘದ ಶಿಶುವಿಹಾರದಲ್ಲಿ, ನನ್ನ ಮಗನಿಗೆ ತಿಳಿಯದಂತೆ, ಮೊಮ್ಮಗಳನ್ನು ಬಿಟ್ಟು ಹೋಗುತ್ತಿದ್ದ ಸೊಸೆಗೆ ಅಲ್ಲಿನ ಮೇಲಂತಸ್ತಿನ ಕೋಣೆಗಳ ವಿಷಯ ಗೊತ್ತಿತ್ತು. ಅಲ್ಲಿಗೇ ಹೋದೆವು. ಬಾಗಿಲು ತೆರೆದವರು, ಎಲ್ಲರೂ ದೊಡ್ಡಕ್ಕ ಎಂದು ಕರೆಯುತ್ತಿದ್ದ ಮೇಲ್ವಿಚಾರಕಿ. ಗಂಡನ ಕಡೆಯವರನ್ನು ಒಳಗೆ ಬಿಡಬಾರದೆಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ.

"ನೀವ್ಯಾರು?" ಎಂದು ನನ್ನನ್ನು ಕೇಳಿದರು.

"ಹೊಡೆದವನ ತಾಯಿ."

ದೊಡ್ಡಕ್ಕ ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. "ಒಳಗೆ ಬನ್ನಿ. ವಿಚಾರಣೆ ಆಮೇಲೆ ಮಾಡೋಣ. ಮೊದಲು ಅವಳ ಕೈಯನ್ನ ನಲ್ಲಿ ನೀರಿಗೆ ಹಿಡೀರಿ."

ಮಾನ್ಯರೇ, ನಿಮ್ಮ ಆದೇಶದಲ್ಲಿ "ಎಲ್ಲ ಚಟುವಟಿಕೆಗಳು" ಎಂದಿದೆಯಲ್ಲ, ಅವು ಏನೆಂದು ಎಂದಾದರೂ ಬಂದು ನೋಡಿದ್ದೀರಾ? ಬಣ್ಣದ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಹಳೆಯ ಕಟ್ಟಡ ಅದು. ಕೆಳಗೆ ಅಡುಗೆಮನೆ, ಪಕ್ಕದಲ್ಲಿ ಶಿಶುವಿಹಾರ. ನಡುವಿನ ಹಜಾರದಲ್ಲಿ ಹೊಲಿಗೆ ಯಂತ್ರಗಳು. ನಿವೃತ್ತ ನರ್ಸ್ ಒಬ್ಬರು ಬಂದು ಸೊಸೆಯ ಸುಟ್ಟ ಕೈಗೆ ಪಟ್ಟಿ ಬದಲಾಯಿಸುತ್ತಿದ್ದರು, ಬೈಯುತ್ತಲೇ. ವಕೀಲೆಯೊಬ್ಬಳು ಚಕ್ಕಳಮಕ್ಕಳ ಹಾಕಿಕೊಂಡು ಕೂತು ದೂರು ಬರೆದುಕೊಟ್ಟಳು. ಒಂದು ಕಾಲದಲ್ಲಿ ಕುಡಿದು ಹೆಂಡತಿಗೆ ಹೊಡೆಯುತ್ತಿದ್ದು, ಇದೇ ಸಂಘದವರ ದೆಸೆಯಿಂದ ಕುಡಿತ ಬಿಟ್ಟ ಡ್ರೈವರಣ್ಣ ನಮ್ಮನ್ನು ಆಸ್ಪತ್ರೆಗೂ ಕೋರ್ಟಿಗೂ ಕರೆದೊಯ್ಯುತ್ತಿದ್ದ. ನಮ್ಮ ಮುಖ ನೋಡಿ ಮಾತಾಡಲು ಅವನಿಗೆ ಇವತ್ತಿಗೂ ಆಗುವುದಿಲ್ಲ. ಸೊಸೆಗೆ ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಒಂದು ಬೆಳಿಗ್ಗೆ ದೊಡ್ಡಕ್ಕ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿಬಿಟ್ಟರು. ಎಲ್ಲರೂ ಮುಖ ಕಿವಿಚಿಕೊಂಡಿದ್ದಾಗ ಮೊಮ್ಮಗಳು "ದೊಡ್ಡಕ್ಕಂಗೆ ಕಣ್ಣು ಕಾಣಲ್ಲ!" ಎಂದು ಕಿರುಚಿದಳು. ಬಿಟ್ಟುಹೋದ ಮಾತು ಹಾಗೆ ವಾಪಸು ಬಂತು. ಸೊಸೆ ಆ ಉಪ್ಪಿನ ಚಹಾವನ್ನು ಅಳುತ್ತಾ ಪೂರ್ತಿ ಕುಡಿದಳು. ಇವೇ, ಮಾನ್ಯರೇ, ನೀವು ನಿಲ್ಲಿಸಹೊರಟ ಚಟುವಟಿಕೆಗಳು.

ಅಷ್ಟರಲ್ಲಿ ನನ್ನ ಮಗ ನಿಮ್ಮ ಕಚೇರಿಗೆ ಬಂದು ಅತ್ತ. ಅವನು ಚೆನ್ನಾಗಿ ಅಳುತ್ತಾನೆ, ಬಲ್ಲೆ. ಸಂಘದವರು ಸಂಸಾರ ಒಡೆದರು, ಮಗಳ ಮುಖ ತೋರಿಸುತ್ತಿಲ್ಲ ಎಂದ. ನಿಮ್ಮ ಕರುಳು ಕರಗಿತು. ನಮ್ಮನ್ನು ಕರೆಸಿದಿರಿ. ನೆನಪಿರಬೇಕು, ನೆನಪಿಲ್ಲದಿದ್ದರೆ ನಾನಿದ್ದೇನೆ.

"ಗಂಡ ಹೆಂಡತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ಅಷ್ಟಕ್ಕೇ ಮನೆ ಬಿಟ್ಟು ಬರೋದಾ?" ಎಂದಿರಿ.

ಸೊಸೆ ತೋಳು ಮೇಲೇರಿಸಿ ಸುಟ್ಟ ಕೈಯನ್ನು ಮೇಜಿನ ಮೇಲಿಟ್ಟಳು. ಇಸ್ತ್ರಿ ಪೆಟ್ಟಿಗೆಯ ಮೊನೆ ಅಚ್ಚೊತ್ತಿದಂತೆ ಕಾಣುತ್ತಿತ್ತು. ನೀವು ಫ್ಯಾನ್ ನೋಡಿದಿರಿ.

"ಸಾರ್," ಎಂದೆ ನಾನು, "ಅವನು ನಾನು ಹೆತ್ತವನು. ಅದಕ್ಕೇ ಹೇಳ್ತಿದೀನಿ. ನಾವೆಲ್ಲಿದೀವಿ ಅಂತ ಮಾತ್ರ ಅವನಿಗೆ ಹೇಳ್ಬೇಡಿ. ಕೊಂದುಹಾಕ್ತಾನೆ."

"ಹೆತ್ತ ತಾಯಿಯಾಗಿ ಇಂಥಾ ಮಾತಾಡ್ತೀರಲ್ಲ, ನಿಮಗೆ ಕರುಳು ಅನ್ನೋದಿಲ್ವಾ? ಅಪ್ಪನಿಗೆ ಮಗಳನ್ನ ನೋಡೋ ಹಕ್ಕಿದೆ."

ಹಕ್ಕಿದೆ, ಒಪ್ಪಿದೆ. ನ್ಯಾಯಾಲಯ ಅದನ್ನು ತೀರ್ಮಾನಿಸುತ್ತಿತ್ತು, ಯಾರದಾದರೂ ಕಾವಲಿನಲ್ಲಿ, ಬೇರೊಂದು ಜಾಗದಲ್ಲಿ. ನಿಮಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಸಂಘದವರು ಮುಚ್ಚಿಟ್ಟು ಕಾಪಾಡಿದ್ದ ವಿಳಾಸವನ್ನು ನೀವು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟಿರಿ. ಕೇಳಿಬಂದ ಮಾತಲ್ಲ ಇದು. ಪೊಲೀಸರ ಮುಂದೆ ಅವನೇ ಹೇಳಿದ.

ಮರುದಿನ ಬೆಳಿಗ್ಗೆಯೇ ಬಂದ. ಹಜಾರದಲ್ಲಿ ಹೊಲಿಗೆ ಯಂತ್ರಗಳು ಓಡುತ್ತಿದ್ದವು, ಹಾಗಾಗಿ ಬಾಗಿಲು ಮುರಿಯುವ ಸದ್ದು ಮೊದಲು ಯಾರಿಗೂ ಕೇಳಿಸಲಿಲ್ಲ. ಕೈಯಲ್ಲಿ ಲಾರಿ ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರ್. ದೊಡ್ಡಕ್ಕ ಮೆಟ್ಟಿಲಿಗೆ ಅಡ್ಡ ನಿಂತು, "ಇಲ್ಲಿ ಮಕ್ಕಳಿದ್ದಾರಪ್ಪ, ಅದನ್ನ ಕೆಳಗಿಡು" ಎಂದರು. ಅವನು ಅವರ ಹೆಗಲಿಗೆ ಹೊಡೆದ. ಅಷ್ಟರಲ್ಲಿ ಯಂತ್ರಗಳು ನಿಂತಿದ್ದವು, ಎಲುಬು ಮುರಿದದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ಬಿದ್ದರೂ ಅವರು ಅವನ ಕಾಲನ್ನು ತಬ್ಬಿಹಿಡಿದರು. ಬಿಡಿಸಿಕೊಳ್ಳಲು ಅವನು ತಲೆಗೆ ಹೊಡೆದ. ಮತ್ತೆ ಹೊಡೆದ. ಮೆಟ್ಟಿಲ ಮೇಲೆ ರಕ್ತ ಒಂದೊಂದೇ ಹಂತ ಇಳಿಯತೊಡಗಿತು.

ಮೇಲೆ ಸೊಸೆ ಮಗಳನ್ನು ಬಚ್ಚಲಿಗೆ ನೂಕಿ ಹೊರಗಿನಿಂದ ಚಿಲಕ ಹಾಕಿ, ಆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ನಾನು ಬಾಣಲೆ ಹಿಡಿದು, ದೊಡ್ಡಕ್ಕನ ಮೈ ದಾಟಿ, ಮೆಟ್ಟಿಲು ಹತ್ತುವಷ್ಟರಲ್ಲಿ ಅವನು ಅವಳ ಮುಖಕ್ಕೆ ಹೊಡೆದಾಗಿತ್ತು. ಅವಳು ಗೋಡೆ ಸವರುತ್ತಾ ಜಾರಿದಳು, ಆದರೂ ಚಿಲಕ ಬಿಟ್ಟಿರಲಿಲ್ಲ. ಅವನು ಸ್ಪ್ಯಾನರನ್ನು ಇನ್ನೊಮ್ಮೆ ಎತ್ತಿದ. ನಾನು ಇದ್ದ ಬಲವನ್ನೆಲ್ಲ ಹಾಕಿ ನನ್ನ ಮಗನ ತಲೆಗೆ ಹೊಡೆದೆ. ಅವನು ತಿರುಗಿ ನೋಡಿದ. "ಅಮ್ಮಾ" ಎಂದ. ಚಿಕ್ಕವನಿದ್ದಾಗ ಬಿದ್ದು ಮಂಡಿ ತರಚಿಕೊಂಡು ಬಂದರೆ ಕರೆಯುತ್ತಿದ್ದನಲ್ಲ, ಅದೇ ದನಿ. ಅವನ ಕೈಯಲ್ಲಿ ಕಬ್ಬಿಣ ಇನ್ನೂ ಇತ್ತು. ನಾನು ಮತ್ತೊಮ್ಮೆ ಹೊಡೆದೆ.

ಕರುಳಿನ ಬಗ್ಗೆ ನನಗೆ ಬುದ್ಧಿ ಹೇಳಿದವರು ಇದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಅವನು ಬದುಕಿದ್ದಾನೆ, ಹೊಲಿಗೆ ಹಾಕಿದ ತಲೆಯೊಂದಿಗೆ ಜೈಲಿನಲ್ಲಿದ್ದಾನೆ. ಸೊಸೆಯ ಎಡಗಣ್ಣು ಹೋಯಿತು. ಆಂಬ್ಯುಲೆನ್ಸಿನಲ್ಲಿ ದೊಡ್ಡಕ್ಕ ನನ್ನ ಕೈ ಹಿಡಿದು, "ಮುಂಬಾಗಿಲು ಹಾಕಿದ್ರಾ?" ಎಂದು ಕೇಳಿದರು. ಮುರಿದ ಬಾಗಿಲನ್ನು ಹೇಗೆ ಹಾಕುವುದು? "ಹಾಕಿದ್ವಿ ದೊಡ್ಡಕ್ಕ" ಎಂದೆ. ಅವರು ಆಸ್ಪತ್ರೆ ಮುಟ್ಟಲಿಲ್ಲ.

ಅಂತ್ಯಕ್ರಿಯೆಗೆ ನೀವು ಬರಲಿಲ್ಲ, ಬರಬೇಕಾಗಿರಲಿಲ್ಲ ಬಿಡಿ. ನಿಮ್ಮ ಬದಲು ಬಂದದ್ದು ಆದೇಶ. ಅದನ್ನು ಅಂಟಿಸಿದ ಮರುದಿನವೇ ನಮ್ಮ ಪಕ್ಕದ ಕೋಣೆಯ ಬಸುರಿ ಹುಡುಗಿ ಬಟ್ಟೆ ಗಂಟು ಕಟ್ಟಿದಳು. "ಹೇಗೂ ಹೊರಗೆ ಹಾಕ್ತಾರಂತಲ್ಲ ಅಜ್ಜಿ. ಅವ್ನು ಬಂದು ಇಲ್ಲಿಂದ ಎಳ್ಕೊಂಡು ಹೋಗೋದಕ್ಕಿಂತ ನಾನೇ ಹೋಗಿಬಿಡ್ತೀನಿ" ಎಂದು ಗಂಡನ ಮನೆಗೆ ಹೊರಟುಹೋದಳು. ಅವಳ ಫೋನ್ ಈಗ ಯಾರೂ ಎತ್ತುವುದಿಲ್ಲ. ಅಲ್ಲಿ ಏನಾದರೂ ಆದರೆ ಅದೂ ಜರುಗಿದ್ದೇ ಆಗುತ್ತದಲ್ಲವೇ? ನಿಮ್ಮ ಸುರಕ್ಷತೆಯ ಹಿತದೃಷ್ಟಿಗೆ ಇಷ್ಟು ಬೇಗ ಫಲ ಸಿಕ್ಕಿದೆ, ಅಭಿನಂದನೆಗಳು.

ಈಗ ನನ್ನ ಬೇಡಿಕೆ. ಆದೇಶವನ್ನು ಹಿಂದಕ್ಕೆ ಪಡೆಯಿರಿ. ನಿಮ್ಮ ಸಿಬ್ಬಂದಿಯನ್ನು ಕಳಿಸಬೇಡಿ, ನೀವೇ ಬಂದು ಆ ಹಾಳೆಯನ್ನು ಕೈಯಾರೆ ಕಿತ್ತುಹಾಕಿ. ಆ ಹುಡುಗಿಯ ಮನೆಗೆ ಇವತ್ತೇ ಪೊಲೀಸರನ್ನು ಕಳಿಸಿ. ಅಡಗಿರುವ ಹೆಂಗಸಿನ ವಿಳಾಸವನ್ನು ಹುಡುಕಿಕೊಂಡು ಬಂದವನಿಗೆ ಕೊಟ್ಟ ಅಧಿಕಾರಿ ಯಾರೇ ಆಗಿರಲಿ, ಅವನ ಮೇಲೆ ಪ್ರಕರಣ ದಾಖಲಾಗಲಿ. ಸಾಕ್ಷಿ ಹೇಳಲು ನಾನು ತಯಾರಿದ್ದೇನೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು ಎಂಬ ಉತ್ತರ ಮಾತ್ರ ಬೇಡ. ಆ ವಾಕ್ಯವನ್ನು ಟೈಪ್ ಮಾಡಿ ಮಾಡಿಯೇ ನನ್ನ ಬೆರಳು ಸೊಟ್ಟಗಾಗಿವೆ.

ಇನ್ನೊಂದು ವಿಷಯ. ನಿನ್ನೆ ಮಧ್ಯಾಹ್ನ ಕೈಗೂಸನ್ನು ಎತ್ತಿಕೊಂಡು, ತುಟಿ ಒಡೆದ ಹೆಂಗಸೊಬ್ಬಳು ಬಂದಳು. ನಿಮ್ಮ ಆದೇಶವನ್ನು ಓದುತ್ತಾ ಹೊರಗೇ ನಿಂತುಬಿಟ್ಟಿದ್ದಳು. ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ನನ್ನ ಸೊಸೆ ಬಾಗಿಲು ತೆಗೆದು, "ಅದನ್ನ ಓದ್ಬೇಡ, ಒಳಗೆ ಬಾ" ಎಂದು ಕೂಸನ್ನು ಇಸಿದುಕೊಂಡಳು. ಆದೇಶ ಉಲ್ಲಂಘನೆಯಾಗಿದೆ. ಇವತ್ತೂ ಆಗುತ್ತದೆ.

ಇಂತಿ,
ಹೆತ್ತ ಮಗನನ್ನು ಹೊಡೆದು ಕೆಡವಿ, ಸೊಸೆಯ ಮನೆಯವಳಾದ
ಒಬ್ಬ ಕರುಳಿಲ್ಲದ ತಾಯಿ